ಪದಚರ್ಚೆ: ‘ಎಕ್ಸ್‌ಪೋಶರ್’ಗೆ ‘ಒಡ್ಡಿಕೊಳ್ಳುವಿಕೆ’ ಸರಿಯಾ?

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ಬಗ್ಗೆ ಒಂದು ಪೋಸ್ಟರ್ ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಪ್ರೆಸ್‌ಗೆ ಹೋಗಬೇಕು. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಕಡೆ 1959ರಿಂದ 67ರವರೆಗೆ ಹೆರಿಗೆಗೆ ಬಂದವರ ರಕ್ತ ತೆಗೆದಿಟ್ಟಿದ್ದರಲ್ಲ, ಅದರ ಮೇಲೆ 2007ರಲ್ಲಿ ಬಂದ ಅಧ್ಯಯನದ ಸಾಲು ಇದು: “14 ತುಂಬುವ ಮೊದಲೇ ಡಿಡಿಟಿಗೆ ಒಡ್ಡಿಕೊಂಡ ಮಹಿಳೆಯರಲ್ಲಿ...” (ಡಿಡಿಟಿ ಅಂದರೆ ಕೀಟನಾಶಕ.)

ಆ ಹುಡುಗಿಯರೇ ಹೋಗಿ ಮೈಮೇಲೆ ಸುರಿದುಕೊಂಡ ಹಾಗೆ ಕೇಳಿಸುತ್ತದೆ, ಅಲ್ವಾ? ಬೇರೆ ಪದ ಕೊಡಿ.
– ಸು.

‘ಡಿಡಿಟಿ ಸೋಂಕಿದ’ ಎನ್ನಿ. ಹಳಗನ್ನಡದಲ್ಲಿ ಸೋಂಕು ಎಂದರೆ ಮುಟ್ಟುವುದು. ರೋಗದ ಅರ್ಥ ಆಮೇಲೆ ಅಂಟಿಕೊಂಡದ್ದು. ಅಂದ ಹಾಗೆ, ‘ಕ್ಯಾನ್ಸರ್’ ಯಾಕೆ? ಏಡಿಗಂತಿ ಸತ್ತುಹೋಯಿತೇ?
– ಕೆ.

ಸಾರ್, ಪೋಸ್ಟರ್ ನೋಡುವವರು ಹಳಗನ್ನಡ ಓದಿ ಬಂದಿರುವುದಿಲ್ಲ. ಕೊರೋನಾ ಆದ ಮೇಲಂತೂ ಸೋಂಕು ಎಂದರೆ ಅಂಟುರೋಗವೇ. ಕಾಯಿಲೆಯವಳ ಲೋಟ ಬೇರೆ ಎತ್ತಿಡುತ್ತಾರೆ. ಇನ್ನು ಏಡಿಗಂತಿ. ಅದೂ ಗ್ರೀಕರು ಈ ರೋಗಕ್ಕೆ ಇಟ್ಟ ಏಡಿ ಹೆಸರೇ. ಸಾಲ ಸಾಲವೇ.
– ಮ.

ಅರ್ಥದ ಸಾಲ ಬೇರೆ, ಪದದ ಸಾಲ ಬೇರೆ. ಅಷ್ಟೂ ತಿಳಿಯದವರ ಜೊತೆ ವಾದವಿಲ್ಲ.
– ಕೆ.

ಏಡಿ ಜಗಳ ಆಮೇಲೆ ಆಡಿ. ತೊಂದರೆ ಇರುವುದು ‘ಕೊಳ್ಳು’ವಿನಲ್ಲಿ. ಅದನ್ನು ತೆಗೆದರೂ ‘ಗುಂಡಿಗೆ ಎದೆಯೊಡ್ಡಿದ’ ನೆನಪಾಗುತ್ತದೆ. ಸ್ತನ ಕ್ಯಾನ್ಸರ್ ಪೋಸ್ಟರಿನಲ್ಲಿ ಅದು ಬೇಡವೇ ಬೇಡ. ‘ತಾಗು’ ಹಾಕಿ. ‘ಹುಡುಗಿಗೆ ಬಿಸಿಲು ತಾಗಿತು.’ ಕರ್ತೃ ಬಿಸಿಲು. ಹುಡುಗಿ ಸುಮ್ನೆ ನಿಂತಿದ್ದಳು.
– ಗಿ.

ತಾಗು ಎಂದರೆ ಬರೀ ಚರ್ಮಕ್ಕೆ ಅನಿಸುವುದಿಲ್ವಾ? ಡಿಡಿಟಿ ಊಟದಲ್ಲೂ ಒಳಗೆ ಹೋಗುತ್ತದೆ. ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ.
– ಸು.

ಗಾಳಿ ತಾಗಿ ನೆಗಡಿ ಬರುತ್ತದೆ. ದೃಷ್ಟಿ ತಾಗಿ ಮಗು ಹಾಲು ಬಿಡುತ್ತದೆ. ಯಾವುದು ಚರ್ಮದಲ್ಲೇ ನಿಂತಿತು? ಮಲೇರಿಯಾದವರು ಡಿಡಿಟಿ ಪಂಪು ಹಿಡಿದು ಬಂದರೆ ನಮ್ಮಜ್ಜಿ ಅಕ್ಕಿ ಡಬ್ಬಕ್ಕೆ ಸೀರೆ ಮುಚ್ಚಿ, “ಮಕ್ಕಳನ್ನ ಆಚೆ ಕಳಿಸ್ರೇ, ತಾಗೀತು” ಅನ್ನುತ್ತಿದ್ದರು. ಗೋಡೆ ತುಂಬ ಬಿಳಿ ಕಲೆ. ಅಜ್ಜಿಗೆ ನಾಮಪದ ಬೇಕಾಗಿರಲಿಲ್ಲ.
– ಗಿ.

‘ತಾಗುವಿಕೆ’ ಯಾವ ನಿಘಂಟಿನಲ್ಲಿದೆ, ತೋರಿಸಿ.
– ಕೆ.

‘ವಿಕೆ’ ಕೇಳಿದವರು ಯಾರು?
– ಗಿ.

ಇದನ್ನು ಕಳಿಸಿದೆ: “14 ತುಂಬುವ ಮೊದಲೇ ಡಿಡಿಟಿ ಜಾಸ್ತಿ ತಾಗಿದವರಲ್ಲಿ, 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 5 ಪಟ್ಟು ಇತ್ತು.” ‘ಅಪಾಯ’ವನ್ನೂ ‘ಸಾಧ್ಯತೆ’ ಮಾಡಿದೆ. ಕೆ. ಸಾರ್, ಏಡಿಗೆ ಜಾಗ ಸಿಗಲಿಲ್ಲ, ಬೇಜಾರು ಮಾಡ್ಕೋಬೇಡಿ.
– ಸು.