ಅನಿಲ ‘ಘನ’ ಹೆಂಗಾಗ್ತೈತೆ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಒಂದು ಪದದ ತಕರಾರು.

ಬೆಂಗಳೂರಲ್ಲಿರುವ ಅಕ್ಕನ ಮನೆಗೆ ಪೈಪ್ ಗ್ಯಾಸ್ ಬಂದಿದೆ. ಮೊದಲ ಬಿಲ್ಲಿನ ಫೋಟೊ ಕಳಿಸಿದ್ದಳು. ಬಳಕೆ 26 ಎಸ್‌ಸಿಎಂ ಅಂತಿತ್ತು. ‘ಇಪ್ಪತ್ತಾರು ಕೆಜಿನಾ? ಎರಡು ಸಿಲಿಂಡರ್ ಹತ್ರ ಬಂತಲ್ಲೋ’ ಅಂದಳು ಅವ್ವ. ಕೆಜಿ ಅಲ್ಲವ್ವ, ಸ್ಟ್ಯಾಂಡರ್ಡ್ ಕ್ಯೂಬಿಕ್ ಮೀಟರ್, ಕನ್ನಡದಲ್ಲಿ ಘನ ಮೀಟರ್ ಅಂದೆ. ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿದಳು. ‘ಘನ, ದ್ರವ, ಅನಿಲ ಬೇರೆ ಬೇರೆ ಅಲ್ವಾ? ಅನಿಲ ಘನ ಹೆಂಗಾಗ್ತೈತಪ್ಪಾ?’

ನನ್ನ ಬಾಯಿ ಕಟ್ಟಿತು.

ಲೆಕ್ಕದ ಪುಸ್ತಕದ ಘನಮೂಲ, ಘನಫಲ ಹಳೆಯ ಪದಗಳೇ. ಆರ್ಯಭಟನೂ ಘನ ಅಂತಲೇ ಬರೆದ. ವಿಜ್ಞಾನದ ಪುಸ್ತಕದಲ್ಲಿ ಅದೇ ಪದ ಗಟ್ಟಿ ವಸ್ತು. ಕಸದ ಗಾಡಿಗೆ ಘನತ್ಯಾಜ್ಯ, ಅರ್ಜಿಯಲ್ಲಿ ಘನ ಸರ್ಕಾರ. ಪಾಪ, ಒಂದೇ ಪದದ ಮೇಲೆ ಎಷ್ಟು ಹೊರೆ! ಆದರೆ ಒಂದು ವಿಚಿತ್ರ ನೋಡಿ. ತುಂಗಭದ್ರಾ ಡ್ಯಾಮಿಗೆ ಇಷ್ಟು ಟಿಎಂಸಿ ನೀರು ಬಂತು ಅಂತ ಪೇಪರಿನಲ್ಲಿ ಓದುತ್ತೇವೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ನೀರು ಗಟ್ಟಿ ಹೇಗಾಯ್ತು ಅಂತ ನಮ್ಮ ರೈತರು ಯಾರೂ ಕೇಳಿಲ್ಲ. ಟಿಎಂಸಿ ಅನ್ನೋದರಲ್ಲಿ ಘನ ಅಡಗಿಕೊಂಡಿದೆ, ಅದಕ್ಕೇ ಇರಬೇಕು.

ಎರಡನೇ ತೊಡಕು ಆ ‘ಸ್ಟ್ಯಾಂಡರ್ಡ್’. ಗ್ಯಾಸು ಕಾದರೆ ಹಿಗ್ಗುತ್ತದೆ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಇದ್ದದ್ದು ನಮ್ಮೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ ಸುಮಾರು 1.09 ಆಗುತ್ತದೆ. ಅದಕ್ಕೇ 15 ಡಿಗ್ರಿ ಬಿಸಿ, ಮಾಮೂಲಿ ಗಾಳಿಯ ಒತ್ತಡ ಅಂತ ಗೊತ್ತು ಮಾಡಿಕೊಂಡು ಅಳೆಯುತ್ತಾರೆ. ಇದಕ್ಕೆ ‘ಶಿಷ್ಟ’ ಅನ್ನೋದಾ, ‘ಪ್ರಮಾಣಿತ’ ಅನ್ನೋದಾ? ಶಿಷ್ಟ ಅಂದರೆ ಮಡಿಯಲ್ಲಿರುವ ಗ್ಯಾಸು ಅನ್ನಿಸುತ್ತದೆ ನನಗೆ.

ಮೀಟರಿನ ಮಾತು ಸುಲಭ. ಕರೆಂಟ್ ಬಿಲ್ಲಿನ ‘ಇಂದಿನ ಮಾಪನ’, ‘ಹಿಂದಿನ ಮಾಪನ’ ಇಲ್ಲಿಗೂ ಸಾಕು. ಇಂದಿನದರಲ್ಲಿ ಹಿಂದಿನದು ಕಳೆದರೆ ಬಳಕೆ. ಕೆಂಪು ಅಂಕಿಗಳು ದಶಮಾಂಶ ಬಿಂದುವಿನ ಆಚೆಯವು. ಅಕ್ಕ ಸುಮ್ನೆ ‘ಯೂನಿಟ್’ ಅಂತಾಳೆ. ಆದರೆ ಕರೆಂಟಿನ ಯೂನಿಟ್ಟೇ ಬೇರೆ, ಇದೇ ಬೇರೆ.

ಚದರಡಿ ಅಂದರೆ ಸೈಟು ಕೊಳ್ಳೋ ಎಲ್ಲರಿಗೂ ಗೊತ್ತು. ಉದ್ದ, ಅಗಲದ ಜೊತೆ ಎತ್ತರವೂ ಸೇರಿದರೆ ಅಷ್ಟೇ ಸಲೀಸಾದ ಪದ ನಮ್ಮಲ್ಲಿ ಇದೆಯಾ? ಗಾರೆ ಕೆಲಸದವರು, ಮರಳು ಮಾರೋರು ಏನಂತಾರೆ? ರಾಯಚೂರು, ಕೊಪ್ಪಳದ ಕಡೆಯವರು ದಯವಿಟ್ಟು ಹೇಳಿ.

ಅಂದ ಹಾಗೆ, ಅವ್ವನಿಗೆ ನಾನು ಹೇಳಿದ್ದು ಇಷ್ಟು: ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕಿನಲ್ಲಿ ಹಿಡಿಯುವಷ್ಟು ಗ್ಯಾಸು ಅಂದರೆ ಒಂದು ಘನ ಮೀಟರ್. ಅಂಥ ಹದಿನೇಳು ಹದಿನೆಂಟು ಟ್ಯಾಂಕು ಸೇರಿದರೆ ನಮ್ಮ 14.2 ಕೆಜಿ ಸಿಲಿಂಡರಿನಷ್ಟು ಉರಿ. ಅವ್ವ ಬೆರಳು ಮಡಚಿ ಎಣಿಸಿದಳು. ‘ಹಂಗಾರ ಒಂದೂವರೆ ಸಿಲಿಂಡರ್ ಅನ್ನು’ ಅಂದಳು.