ಬಿಪಿ ಮಾತ್ರೆ ನಿಲ್ಲಿಸಿದ್ದೇನೆ, ಡಾಕ್ಟರಿಗೆ ಹೇಳಲು ಬಾಯಿ ಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 52 ವರ್ಷ. ಬಿಪಿಗೆಂದು ಕೆಲವು ವರ್ಷಗಳ ಹಿಂದೆ ಆಮ್ಲೋಡಿಪಿನ್ 10 ಮಿಲಿಗ್ರಾಂ ಬರೆದುಕೊಟ್ಟರು. ಮೊದಲೆಲ್ಲ ತಪ್ಪದೆ ನುಂಗುತ್ತಿದ್ದೆ. ಆಮೇಲೆ ಸಂಜೆಯಾಗುತ್ತಲೇ ಎರಡೂ ಪಾದಗಳು ಊದಿಕೊಳ್ಳತೊಡಗಿದವು. ಬಿಪಿಯಿಂದ ನನಗೆ ಯಾವತ್ತೂ ತಲೆನೋವಿಲ್ಲ, ಸುಸ್ತಿಲ್ಲ. ತೊಂದರೆ ಕೊಟ್ಟದ್ದೆಲ್ಲ ಮಾತ್ರೆಯೇ. ಹಾಗಾಗಿ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ತಪಾಸಣೆಗೆ ಎರಡು ಮೂರು ದಿನ ಇರುವಾಗ ಮಾತ್ರ ಮತ್ತೆ ತೆಗೆದುಕೊಳ್ಳುತ್ತೇನೆ. ಈ ಸಲ 164/98 ಬಂತು. ಡಾಕ್ಟರು ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಮೊದಲನೆಯದನ್ನೇ ತೆಗೆದುಕೊಳ್ಳುತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಿಂದೆ ಬೇರೊಬ್ಬ ಡಾಕ್ಟರ ಬಳಿ ನಿಜ ಹೇಳಿ ಎಲ್ಲರೆದುರು ಬೈಸಿಕೊಂಡಿದ್ದೆ. ಈಗ ಎರಡನ್ನೂ ಒಟ್ಟಿಗೆ ಶುರು ಮಾಡಲೇ?

ವೈದ್ಯರ ಉತ್ತರ: ನೀವಾಗಿ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. 164/98 ಅನ್ನು ಹಾಗೆಯೇ ಬಿಟ್ಟುಕೊಂಡು ಮುಂದಿನ ತಪಾಸಣೆಯ ತನಕ ಕಾಯುವುದೂ ಬೇಡ. ಒಂದೆರಡು ದಿನದೊಳಗೆ ಆ ಡಾಕ್ಟರಿಗೆ ವಿಷಯ ತಿಳಿಸಿ; ಫೋನಿನಲ್ಲಾದರೂ ಸರಿ.

ಇಷ್ಟು ಅವಸರಪಡಿಸುವುದಕ್ಕೆ ಕಾರಣವಿದೆ. ಮೊದಲನೆಯ ಮಾತ್ರೆ ನಿಮ್ಮ ಹೊಟ್ಟೆಗೆ ಸೇರುತ್ತಿದೆ, ಆದರೂ ಬಿಪಿ ಇಳಿಯುತ್ತಿಲ್ಲ ಎಂದು ನಂಬಿ ಅವರು ಎರಡನೆಯದನ್ನು ಬರೆದಿದ್ದಾರೆ. ಆ ನಂಬಿಕೆ ಹೀಗೆಯೇ ಮುಂದುವರಿದರೆ ನಾಳೆ ಮೂರನೆಯದೂ ಸೇರುತ್ತದೆ. ಮುಂದೊಂದು ದಿನ ಬೇರಾವುದೋ ಕಾಯಿಲೆಗೆ ನೀವು ಆಸ್ಪತ್ರೆಗೆ ದಾಖಲಾದರೆ, ಚೀಟಿಯಲ್ಲಿರುವ ಅಷ್ಟೂ ಮಾತ್ರೆಗಳನ್ನು ನರ್ಸ್ ಹೊತ್ತುಹೊತ್ತಿಗೆ ಸರಿಯಾಗಿ ಕೊಡುತ್ತಾರೆ. ಆಗ ಬಿಪಿ ಸರ್ರನೆ ಇಳಿದು, ಎದ್ದು ನಿಂತೊಡನೆ ಕಣ್ಣುಕತ್ತಲೆ ಬಂದು ಬೀಳುವವರಿದ್ದಾರೆ. ಮುಚ್ಚಿಟ್ಟ ಸಂಗತಿಯ ಅಪಾಯ ಇದು. ನಿಮ್ಮಷ್ಟು ಬಿಪಿ ಇರುವವರಿಗೆ ಆರಂಭದಲ್ಲೇ ಎರಡು ಮಾತ್ರೆ ಕೊಡುವುದೂ ಉಂಟು. ಆದರೆ ಯಾವುದು, ಎಷ್ಟು ಮಿಲಿಗ್ರಾಂ ಎಂಬುದನ್ನು ನಿಜ ಸ್ಥಿತಿ ತಿಳಿದ ಮೇಲೆಯೇ ತೀರ್ಮಾನಿಸಬೇಕು.

ತಪಾಸಣೆಗೆ ಮುಂಚಿನ ಎರಡು ಮೂರು ದಿನದ ಮಾತ್ರೆಗಳ ಬಗ್ಗೆಯೂ ಹೇಳಬೇಕು. ಆಮ್ಲೋಡಿಪಿನ್ ನಿಧಾನದ ಔಷಧಿ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಅದೇ ಕಾರಣಕ್ಕೆ ಅದು ಪೂರ್ಣ ಮಟ್ಟಕ್ಕೆ ಏರಲೂ ವಾರದ ಮೇಲೆ ಹಿಡಿಯುತ್ತದೆ. ಅಷ್ಟರಲ್ಲಿ ಅಳೆದ ಬಿಪಿ ಮಾತ್ರೆಯ ಶಕ್ತಿಯನ್ನೂ ಹೇಳುವುದಿಲ್ಲ, ಮಾತ್ರೆಯಿಲ್ಲದ ನಿಮ್ಮ ಸ್ಥಿತಿಯನ್ನೂ ಹೇಳುವುದಿಲ್ಲ.

ಇನ್ನು ಪಾದದ ಊತ. ಇದು ನಿಮ್ಮ ಕಲ್ಪನೆಯಲ್ಲ, ಆ ಮಾತ್ರೆಗೆ ಎಲ್ಲರಿಗೂ ಗೊತ್ತಿರುವ ಅಡ್ಡ ಪರಿಣಾಮ. 10 ಮಿಲಿಗ್ರಾಂನಲ್ಲಿ 5ಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ. ಮಾತ್ರೆ ಹೃದಯದಿಂದ ರಕ್ತ ತರುವ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅದನ್ನು ಮರಳಿ ಒಯ್ಯುವ ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ನಡುವಿನ ಸೂಕ್ಷ್ಮ ನಾಳಗಳಲ್ಲಿ ಒತ್ತಡ ಹೆಚ್ಚಿ, ನೀರಿನಂಶ ಹೊರಗೆ ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಈ ಊತ ಅಷ್ಟಾಗಿ ಇಳಿಯುವುದಿಲ್ಲ. ಪ್ರಮಾಣ ತಗ್ಗಿಸಿದರೆ ಇಳಿಯುತ್ತದೆ, ಬೇರೆ ಗುಂಪಿನ ಔಷಧಿಗೆ ಬದಲಾಯಿಸಿದರೆ ಹೋಗುತ್ತದೆ. ಟೆಲ್ಮಿಸಾರ್ಟನ್ ಜೊತೆ ಸೇರಿದಾಗ ಕಡಿಮೆಯಾಗುವುದೂ ಉಂಟು. ಅಂದರೆ, ನೀವು ಬಾಯಿಬಿಟ್ಟಿದ್ದರೆ ಆಮ್ಲೋಡಿಪಿನ್ ತಗ್ಗಿಸಿ ಇದೇ ಎರಡನೆಯ ಮಾತ್ರೆಯನ್ನು ನಿಮ್ಮ ಪಾದದ ಸಲುವಾಗಿಯೇ ಬರೆಯಬಹುದಿತ್ತು. ಊತ ಒಂದೇ ಕಾಲಿಗಿದ್ದರೆ ಅಥವಾ ಜೊತೆಗೆ ಉಬ್ಬಸವಿದ್ದರೆ ಮಾತ್ರ ತಡಮಾಡದೆ ತೋರಿಸಿಕೊಳ್ಳಬೇಕು, ಅದಕ್ಕೆ ಬೇರೆ ಕಾರಣಗಳಿರಬಹುದು.

‘ತೊಂದರೆ ಕೊಟ್ಟದ್ದೆಲ್ಲ ಮಾತ್ರೆಯೇ’ ಎಂದಿರಿ. ಬಿಪಿಯ ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದುವರಿಸುವುದು ಕಷ್ಟವಾಗುವುದು ಇಲ್ಲಿಯೇ. ನೋವಿನ ಮಾತ್ರೆ ನುಂಗಿದರೆ ನೋವು ಹೋಗುವುದು ತಿಳಿಯುತ್ತದೆ. ಇಲ್ಲಿ ಮೈಗೆ ಗೊತ್ತಾಗುವುದು ಕಿರಿಕಿರಿ ಮಾತ್ರ. ಆಗದೆ ಹೋದ ಪಾರ್ಶ್ವವಾಯು ಯಾರ ಅನುಭವಕ್ಕೂ ಬರುವುದಿಲ್ಲ. ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಕಾಲು ಭಾಗ ತಗ್ಗುತ್ತದೆ ಎಂದು ಲಕ್ಷಾಂತರ ಜನರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದಿದೆ. ಆ ಲಾಭಕ್ಕಾಗಿ ಮಾತ್ರೆ ಬೇಕು. ಅದಕ್ಕಾಗಿ ಪಾದ ಊದಿಸಿಕೊಂಡೇ ಇರಬೇಕೆಂದಿಲ್ಲ.

ಹೇಳುವುದು ಹೇಗೆ ಎಂಬುದು ನಿಮ್ಮ ನಿಜವಾದ ಪ್ರಶ್ನೆ ಎಂದುಕೊಳ್ಳುತ್ತೇನೆ. ತೋಳಿಗೆ ಪಟ್ಟಿ ಸುತ್ತುವ ಮುಂಚೆಯೇ ಹೇಳಿಬಿಡಿ: ‘ಡಾಕ್ಟರೇ, ಪಾದ ಊದುತ್ತಿತ್ತು, ಹಾಗಾಗಿ ಆಮ್ಲೋಡಿಪಿನ್ ನಿಲ್ಲಿಸಿದ್ದೆ. ಬಿಪಿಗೆ ಚಿಕಿತ್ಸೆ ಬೇಕು, ಬೇರೆ ದಾರಿ ಹೇಳಿ.’ ಇಷ್ಟು ಸಾಕು, ಕ್ಷಮೆ ಕೇಳಬೇಕಾಗಿಲ್ಲ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದುಕೊಡಿ. ದೀರ್ಘಕಾಲದ ಕಾಯಿಲೆಗಳಲ್ಲಿ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ನಿಮ್ಮಂಥವರನ್ನು ನಾವು ದಿನವೂ ನೋಡುತ್ತೇವೆ. ಎಲ್ಲರೆದುರು ನಿಮ್ಮನ್ನು ಬೈದದ್ದು ತಪ್ಪು. ಬೈಗುಳ ತಿಂದ ರೋಗಿ ಮುಂದಿನ ಸಲ ಸುಳ್ಳು ಹೇಳುತ್ತಾರೆ, ಆ ಸುಳ್ಳಿನ ಮೇಲೆ ನಾವು ಔಷಧಿ ಬರೆಯುತ್ತೇವೆ. ನನ್ನ ವೃತ್ತಿಯವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇನ್ನೊಬ್ಬ ಸದಸ್ಯೆ: ಡಾಕ್ಟರೇ, ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡುವಂತಿಲ್ಲ, ಕಿಡ್ನಿಯೂ ಕೆಡುತ್ತದೆ ಎಂದು ನಮ್ಮ ಯಜಮಾನರು ಮಾತ್ರೆಯನ್ನು ಮುಟ್ಟುತ್ತಲೇ ಇಲ್ಲ.

ಉತ್ತರ: ಬಿಪಿ ಮಾತ್ರೆ ಚಟವಾಗುವುದಿಲ್ಲಮ್ಮ. ಬಿಟ್ಟಾಗ ಬಿಪಿ ಏರುವುದು ಏರಿಸುವ ಕಾರಣ ದೇಹದಲ್ಲಿ ಇನ್ನೂ ಇರುವುದರಿಂದ. ತೂಕ ಇಳಿಸಿ, ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿಂದು, ಮದ್ಯ ಬಿಟ್ಟು, ನಿತ್ಯ ನಡೆದು ಮಾತ್ರೆಯ ಪ್ರಮಾಣ ತಗ್ಗಿಸಿಕೊಂಡವರಿದ್ದಾರೆ. ಕೆಲವರಿಗೆ ನಿಂತೂ ಹೋಗಿದೆ. ಆದರೆ ನಿಲ್ಲಿಸುವುದು ವೈದ್ಯರ ಕಣ್ಗಾವಲಿನಲ್ಲಿ ಆಗಬೇಕು. ಕ್ಲೊನಿಡಿನ್ ಎಂಬ ಬಿಪಿ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಬಿಪಿ ಮೊದಲಿಗಿಂತಲೂ ಮೇಲೆ ಜಿಗಿಯಬಹುದು. ಹೃದಯದ ತೊಂದರೆ ಇರುವವರು ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಎದೆನೋವು ಮರುಕಳಿಸಬಹುದು.

ಕಿಡ್ನಿಯ ವಿಷಯ ಜನ ಅಂದುಕೊಂಡದ್ದಕ್ಕೆ ತಿರುಗುಮುರುಗು. ಹತೋಟಿಯಲ್ಲಿಲ್ಲದ ಬಿಪಿ ಕಿಡ್ನಿಯನ್ನು ಹಾಳುಮಾಡುತ್ತದೆ. ಕೆಲವು ಮಾತ್ರೆ ಶುರುವಾದಾಗ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸವನ್ನು ಅಳೆಯಲು ನೋಡುವ ಅಂಶ) ಸ್ವಲ್ಪ ಏರಬಹುದು. ಅದಕ್ಕೇ ಮತ್ತೆ ಪರೀಕ್ಷೆ ಬರೆಯುತ್ತೇವೆ, ಬಹುಪಾಲು ಆ ಏರಿಕೆ ಅಲ್ಲಿಗೇ ನಿಲ್ಲುತ್ತದೆ. ಕಿಡ್ನಿಯ ಬಗ್ಗೆ ಅವರಿಗೆ ಅಷ್ಟು ಕಾಳಜಿ ಇದ್ದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಕೇಳದೆ ನುಂಗುವುದನ್ನು ಬಿಡಲಿ. ಅವು ಬಿಪಿಯನ್ನೂ ಏರಿಸುತ್ತವೆ.

ಮತ್ತೊಬ್ಬರು: ಅಮ್ಮ ಪ್ರಯಾಣದ ದಿನ ಮಾತ್ರೆ ತಪ್ಪಿಸುತ್ತಾರೆ. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಎನ್ನುತ್ತಾರೆ. ಕೇಳಿದರೆ ‘ತೆಗೆದುಕೊಂಡೆ’ ಎನ್ನುತ್ತಾರೆ. ಮಾತ್ರೆ ಎಣಿಸಿಡಲೇ?

ಉತ್ತರ: ಎಣಿಸಬೇಡಿ, ಅವರು ಇನ್ನಷ್ಟು ಮುಚ್ಚಿಡುತ್ತಾರೆ. ಅವರ ಕಾರಣ ಸರಿಯಾಗಿಯೇ ಇದೆ, ದಾರಿಯ ಮಧ್ಯೆ ಶೌಚಾಲಯ ಹುಡುಕುವ ಸಂಕಟ ಸಣ್ಣದಲ್ಲ. ಊರು ತಲುಪಿದ ಮೇಲೆ ನುಂಗಲಿ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಪಿ ಮಾತ್ರೆಯನ್ನು ಬೆಳಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತೀರಾ ಮಲಗುವ ಹೊತ್ತಿಗೆ ಬೇಡ, ನಿದ್ದೆ ಕೆಡುತ್ತದೆ. ಒಂದು ದಿನ ಪೂರ್ತಿ ಮರೆತರೆ ಮರುದಿನ ಎಂದಿನಂತೆ ಒಂದೇ, ಎರಡು ಬೇಡ. ಹಲವು ಮಾತ್ರೆಗಳಿದ್ದರೆ ಎರಡು ಔಷಧಿ ಸೇರಿದ ಒಂದೇ ಮಾತ್ರೆ ಸಾಧ್ಯವೇ ಎಂದು ಅವರ ಡಾಕ್ಟರನ್ನು ಕೇಳಿ.

ಇನ್ನೊಬ್ಬರು: ಮನೆಯಲ್ಲಿ ನೋಡಿ 118 ಬಂದ ದಿನ ಮಾತ್ರೆ ಬಿಡಬಹುದೇ?

ಉತ್ತರ: ಬೇಡ. ಆ 118 ಬಂದದ್ದೇ ಮಾತ್ರೆಯಿಂದ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಿ. ತಪಾಸಣೆಗೆ ಹೋಗುವಾಗ ಆ ಪಟ್ಟಿ ಒಯ್ಯಿರಿ, ಮಾತ್ರೆ ತಪ್ಪಿದ ದಿನಗಳನ್ನೂ ಅದರಲ್ಲೇ ಗುರುತು ಹಾಕಿ. ಮೇಲಿನ ಅಂಕಿ 100ಕ್ಕಿಂತ ಕೆಳಗಿಳಿದು ತಲೆಸುತ್ತುತ್ತಿದ್ದರೆ, ಅಥವಾ ವಾಂತಿ ಭೇದಿಯಾಗಿ ನೀರಿನಂಶ ಕಳೆದುಕೊಂಡಿದ್ದರೆ, ಮುಂದಿನ ಮಾತ್ರೆಗೆ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.