ಅಪ್‌ಡೇಟ್: ಕೈಗವಸು ಈಗ ಜಾರುತ್ತಿಲ್ಲ!

ಹೋದ ವಾರ ಕೇಳಿದ್ದೆನಲ್ಲ, ಬೆಂಗಳೂರಿನ ಎಸಿ ಆಫೀಸಿನಲ್ಲಿ ಕೂರುವ ಅಕ್ಕನಿಗೆ ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆ) ಹಾಕಿದ ಬೆರಳಿಲ್ಲದ ಕೈಗವಸು ಮಣಿಕಟ್ಟಿನಲ್ಲಿ ಸಡಿಲವಾಗುತ್ತದೆ ಅಂತ? ಸರಿಯಾಯಿತು.

5 ಎಂಎಂ ಬದಲು 4 ಎಂಎಂ ಕಡ್ಡಿ ಹಿಡಿದೆ, ಹೆಣಿಗೆ ರಟ್ಟಿನ ಹಾಗೆ ಗಟ್ಟಿಯಾಯಿತು. ಇಲಾಸ್ಟಿಕ್ ಸೇರಿಸಿದರೆ ಕೈ ಮೇಲೆ ಕೆಂಪು ಗೆರೆ. ಕೆಲಸಕ್ಕೆ ಬಂದದ್ದು, ನನ್ನ ಪ್ರಶ್ನೆಗೆ "ಹಿಂದಿನ ಎಳೆಗೆ ಮಾತ್ರ ಹಾಕಿ" ಎಂದವರ ಮಾತು. ಅಂದರೆ ಹೊಲಿಗೆಯ ತಲೆಯಲ್ಲಿ ಕಾಣುವ ಎರಡು ಎಳೆಗಳಲ್ಲಿ ಹಿಂದಿನದಕ್ಕೆ ಮಾತ್ರ ಕಡ್ಡಿ ತೂರಿಸುವುದು. ಪ್ರತಿ ಸಾಲಿನಲ್ಲೂ ಸಿಂಗಲ್ ಕ್ರೋಶಾ (ಸಾದಾ ಗಿಡ್ಡ ಹೊಲಿಗೆ) ಹಾಗೇ ಹಾಕಿದೆ. ಹೆಣಿಗೆ ಏಣು ಏಣಾಗಿ, ಉಬ್ಬು ಗೆರೆಗಳ ಹಾಗೆ ಬಂತು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತದೆ. ಆ ಏಣುಗಳು ಬೆರಳಿಂದ ಮೊಣಕೈ ಕಡೆಗೆ ಉದ್ದಕ್ಕೆ ಇರಬೇಕು, ಅದೇ ಮುಖ್ಯ.

ಅಳತೆ ಕೈಗಿಂತ ಕಡಿಮೆ ಇರಬೇಕು ಅಂತ ಗೊತ್ತೇ ಇರಲಿಲ್ಲ! ಅಕ್ಕನ ಅಂಗೈ ಸುತ್ತಳತೆ 18 ಸೆಂ.ಮೀ., ನಾನು 16ಕ್ಕೆ ನಿಲ್ಲಿಸಿದೆ. ತುಂಡನ್ನು ಮಡಚಿ ಬದಿ ಹೊಲಿಯುವಾಗ ಹೆಬ್ಬೆರಳಿಗೆ 5 ಸೆಂ.ಮೀ. ಬಿಟ್ಟೆ.

ಇಲ್ಲಿ ಉಡುಪಿಯ ಸೆಕೆಗೆ ಬೆವರಿದ ಕೈಯಲ್ಲಿ ನೂಲು ಸಲೀಸಾಗಿ ಓಡಲ್ಲ. ಬೆಳಿಗ್ಗೆ ಬೇಗ ಕೂತು ಹಾಕಿ.